ಒಂಟೆಯನ್ನು ಎಲ್ಲಿ ನಿಲ್ಲಿಸಲಿ?

"ಆ ಕುರ್ಚಿ ಖಾಲಿ ಇಲ್ಲ."

ಕೂರಲು ಹೊರಟವಳು ಹಾಗೇ ನಿಂತಳು. ಕಿಟಕಿ ಪಕ್ಕದ ಮೇಜು. ಅದರ ಮೇಲೆ ಚದುರಂಗದ ಹಾಸು, ಎರಡೂ ಕಡೆ ಸಾಲಾಗಿ ನಿಂತ ಕಾಯಿಗಳು. ಕುರ್ಚಿಯ ಮೇಲೆ ಮಾತ್ರ ಯಾರೂ ಇಲ್ಲ. ಜಾಗ ಹಿಡಿದಿದ್ದಕ್ಕೆ ಗುರುತಾಗಿ ಒಂದು ಕರವಸ್ತ್ರ ಕೂಡ ಇಲ್ಲ.

ಹಾಗೆಂದವನು ಎದುರುಗಡೆ ಕೂತಿದ್ದ. ನಲವತ್ತರ ಆಸುಪಾಸು. ಎಷ್ಟು ಉಜ್ಜಿದರೂ ಹೋಗದ ಗ್ರೀಸು ಉಗುರಿನ ಸಂದಿಯಲ್ಲಿ ಕಪ್ಪಗೆ ಉಳಿದಿತ್ತು.

"ಖಾಲಿ ಇದೆಯಲ್ಲ?" ಎಂದಳು.

"ಅಲ್ಲಿ ಕೂರ್ತಿದ್ದೋರು ತೀರಿಕೊಂಡ್ರು. ಇನ್ನೂ ಎರಡು ತಿಂಗಳು ಕೂಡ ಆಗಿಲ್ಲ. ಬೇರೆ ಮೇಜುಗಳಿವೆ, ಅಲ್ಲಿ ಕೂತ್ಕೊಳ್ಳಿ."

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನಲವತ್ತೊಂಬತ್ತು ದಿನ," ಎಂದಳು. "ನಾನು ಅವರ ಮಗಳು."

ಅವನು ತಟ್ಟನೆ ಎದ್ದು ನಿಂತ. ಆಮೇಲೆ ತಾನೇ ಬಂದು ಆ ಕುರ್ಚಿಯನ್ನು ಹಿಂದಕ್ಕೆಳೆದು ಅವಳಿಗೆ ಜಾಗ ಮಾಡಿಕೊಟ್ಟ.

ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಚದುರಂಗದ ಕ್ಲಬ್ಬಿಗೆ ಅವಳಪ್ಪ ಮೂವತ್ತು ವರ್ಷ ತಪ್ಪದೆ ಬಂದವರು. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಅವರದು. ಭಾನುವಾರ ಬಂತೆಂದರೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟುಬಿಡುತ್ತಿದ್ದರು. ಮನೆಯಲ್ಲಿ ಮಗಳಿಗೂ ಆಟ ಕಲಿಸಿದ್ದರು. ಆದರೆ ಕ್ಲಬ್ಬಿಗೆ ಅವಳು ಒಂದು ದಿನವೂ ಬಂದಿರಲಿಲ್ಲ. ಅಪ್ಪ ಇಲ್ಲವಾದ ಮೇಲೆ ಬಂದಳು.

"ಒಂದಾಟ ಆಡೋಣ್ವಾ?" ಅವನೇ ಕೇಳಿದ. ಕ್ಷಮೆ ಕೇಳುವುದಕ್ಕೆ ಅವನಿಗೆ ಬೇರೆ ದಾರಿ ತಿಳಿದಂತಿರಲಿಲ್ಲ.

ಅವಳು ರಾಜನ ಮುಂದಿನ ಪದಾತಿಯನ್ನು ಎರಡು ಮನೆ ಮುಂದೆ ನಡೆಸಿದಳು. ಅವನೂ ಹಾಗೇ ಮಾಡಿದ. ಇಬ್ಬರೂ ಕುದುರೆ ಹೊರಗೆ ತಂದರು. ಅವಳು ಓರೆಯಾಗಿ ಓಡುವ ಒಂಟೆಯನ್ನು ಮೂರು ಮನೆ ಓಡಿಸಿ, ಎದುರಾಳಿಯ ರಾಜನ ಪಕ್ಕದ ಪದಾತಿಯ ಮೇಲೆ ಕಣ್ಣಿಟ್ಟು ನಿಲ್ಲಿಸಿದಳು. ಅಪ್ಪನ ಒಂಟೆ ನಿಲ್ಲುತ್ತಿದ್ದದ್ದು ಅಲ್ಲೇ.

ಹತ್ತೊಂಬತ್ತನೇ ನಡೆಗೆ ಅವಳ ರಾಜನಿಗೆ ಹೋಗಲು ಜಾಗವಿರಲಿಲ್ಲ!

"ನಿಮ್ಮ ತಂದೆ ನಿಮಗೆ ಬಾಗಿಲು ತಟ್ಟೋದು ಕಲಿಸಿದ್ದಾರೆ," ಎಂದ ಅವನು ಮೆಲ್ಲಗೆ. "ಒಳಗಿರೋರು ಬಾಗಿಲು ತೆಗೆದ್ರೆ ಏನು ಮಾತಾಡ್ಬೇಕು ಅನ್ನೋದು ಕಲಿಸಿಲ್ಲ."

ಅವಳ ಕಿವಿ ಕೆಂಪಾಯಿತು. "ಅಷ್ಟೊತ್ತಿಗೆ ಕಾಯಿಲೆ ಬಿದ್ರು," ಎಂದಳು.

ಅವನ ಮುಖ ಸಪ್ಪಗಾಯಿತು. ಒಂದೇ ಮಧ್ಯಾಹ್ನಕ್ಕೆ ಎರಡು ಸಲ ತಪ್ಪು ಮಾತಾಡಿದ್ದ, ಪಾಪ!

"ವರ್ಷದ ಪಂದ್ಯಕ್ಕೆ ಐದು ತಿಂಗಳಿದೆ," ಎಂದ. "ಕಲಿತೀರಾ?"

* * *

ಅವನು ಲಿಫ್ಟ್ ರಿಪೇರಿ ಮಾಡುವವನು. ದೊಡ್ಡ ಕಟ್ಟಡಗಳ ನೆತ್ತಿಯ ಮೇಲಿನ ಮೋಟಾರ್ ಕೋಣೆಯಲ್ಲಿ ಉಕ್ಕಿನ ಹಗ್ಗಗಳ ಎಳೆ ಎಳೆ ತಡವಿ, ಎಲ್ಲಿ ಸವೆದಿದೆ ಎಂದು ನೋಡುವುದು ಅವನ ಕೆಲಸ. ಕ್ಲಬ್ಬಿನಲ್ಲಿ ಎಲ್ಲರೂ ಅವನನ್ನು ಲಿಫ್ಟ್ ಎಂದೇ ಕರೆಯುತ್ತಿದ್ದರು. ಅವಳದು ದಂತ ವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಪ್ರಯೋಗಾಲಯದಲ್ಲಿ ಕೆಲಸ. ಎರಡನೇ ವಾರಕ್ಕೇ ಅವಳಿಗೂ ಹೆಸರು ಬಿತ್ತು: ಹಲ್ಲು ಮೇಡಂ. ಹೆಸರಿಟ್ಟವರು ಗಡಿಯಾರ ತಾತ. ಆಟದ ಗಡಿಯಾರಗಳಿಗೆ ಕೀಲಿ ಕೊಟ್ಟು, ಚಹಾ ಕಾಸಿ, ಬೀಗ ಹಾಕುವ ಮುದುಕ ಕಾರ್ಯದರ್ಶಿ ಅವರು.

"ಲಿಫ್ಟೂ ಹಲ್ಲೂ ಒಂದೇ ಮೇಜಲ್ಲಿ ಕೂತಿವೆ," ಎಂದು ತಾತ ಛೇಡಿಸುತ್ತಿದ್ದರು. "ಮಧ್ಯದಲ್ಲಿ ಬೆರಳಿಟ್ರೆ ಅಷ್ಟೇ, ಚೂರು ಚೂರು!"

ಪ್ರತಿ ಭಾನುವಾರ ಮಧ್ಯಾಹ್ನ ಪಾಠ. ಅವನು ಹಾಳೆಯ ಎಡಬದಿಗೆ ಎದುರಾಳಿಯ ಉತ್ತರಗಳನ್ನು ಬರೆಯುತ್ತಿದ್ದ.

"ನೀವು ರಾಜನ ಪದಾತಿ ನಡೆಸ್ತೀರಿ. ಅದು ನಿಮ್ಮ ಕೈಲಿದೆ. ಅವರು ಏನು ಮಾಡ್ತಾರೆ ಅನ್ನೋದು ನಿಮ್ಮ ಕೈಲಿಲ್ಲ. ಬೇರೊಂದು ಪದಾತಿ ನಡೆಸಿ ಸಿಸಿಲಿಯನ್ ಆಡಬಹುದು, ರಾಜನ ಪದಾತಿಯನ್ನ ಒಂದೇ ಮನೆ ನಡೆಸಿ ಫ್ರೆಂಚ್ ಆಡಬಹುದು, ನಿಮ್ಮ ಹಾಗೇ ಎರಡು ಮನೆ ನಡೆಸಬಹುದು. ಒಂದೊಂದಕ್ಕೂ ನಿಮ್ಮದು ಅಂತ ಒಂದು ಮರುತ್ತರ ಆರಿಸಿಟ್ಟುಕೊಳ್ಳಬೇಕು."

"ಪುಸ್ತಕದಲ್ಲಿ ಇಪ್ಪತ್ತಿಪ್ಪತ್ತು ಇವೆಯಲ್ಲ... ಎಲ್ಲಕ್ಕಿಂತ ಒಳ್ಳೇದು ಯಾವುದು?"

"ಒಳ್ಳೇದು ಅಂತ ಯಾವುದೂ ಇಲ್ಲ. ಸೋತ್ರೂ ಬೇಜಾರಾಗದ್ದು ಯಾವುದೋ ಅದನ್ನ ಆರಿಸ್ಕೊಳ್ಳಿ."

ಅವಳಿಗೆ ಅದು ಬೇಗ ಅರ್ಥವಾಯಿತು. "ಹಲ್ಲಿನ ಸೆಟ್ಟೂ ಹಾಗೇ. ನೋಡೋಕೆ ಚಂದ ಇದ್ರೆ ಸಾಲದು. ಮೊದಲು ಮೇಣದಲ್ಲಿ ಮಾಡಿ ಬಾಯಿಗಿಟ್ಟು ನೋಡ್ಬೇಕು. ಒಬ್ಬರ ಒಸಡಿಗೆ ಕೂತಿದ್ದು ಇನ್ನೊಬ್ಬರಿಗೆ ಕೂರಲ್ಲ."

"ಹಾಗಾದ್ರೆ ಮೇಣದಲ್ಲೇ ಮಾಡೋಣ," ಎಂದು ಅವನು ಪೆನ್ನಿಟ್ಟು ಪೆನ್ಸಿಲ್ ಕೈಗೆತ್ತಿಕೊಂಡ.

ಸಿಸಿಲಿಯನ್ನಿಗೆ ಸದ್ದಿಲ್ಲದ, ಗಡಿಬಿಡಿಯಿಲ್ಲದ ದಾರಿಯೊಂದನ್ನು ಆರಿಸಿದರು. ಫ್ರೆಂಚಿಗೆ ಬಂದಾಗ ಅವನು, "ಈ ಊರಲ್ಲಿ ಅದನ್ನ ಯಾರೂ ಆಡಲ್ಲ, ನನಗೂ ಅಷ್ಟಾಗಿ ಬರಲ್ಲ," ಎಂದು ಆ ಸಾಲನ್ನು ಖಾಲಿ ಬಿಟ್ಟ. ಕಷ್ಟ ಬಂದದ್ದು ತೀರಾ ಸಾಮಾನ್ಯ ಉತ್ತರಕ್ಕೆ, ಎದುರಾಳಿಯೂ ಎರಡು ಮನೆ ನಡೆಸಿದಾಗ.

"ಇಲ್ಲಿ ಒಂಟೆಯನ್ನ ಇನ್ನೂ ಒಂದು ಮನೆ ಮುಂದಕ್ಕೆ ಬಿಡಿ," ಎಂದ. "ಅವರ ಕುದುರೆ ಮೇಲೆ ಒತ್ತಡ ಬೀಳುತ್ತೆ. ಸ್ಪ್ಯಾನಿಷ್ ಅಂತಾರೆ ಇದಕ್ಕೆ."

"ಅಪ್ಪ ಇಲ್ಲೇ ನಿಲ್ಲಿಸ್ತಿದ್ರು..."

"ಗೊತ್ತು," ಎಂದ.

ಅವಳು ತುಂಬಾ ಹೊತ್ತು ಆ ಒಂಟೆಯ ತಲೆಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದಳು. ಆಮೇಲೆ ಅದನ್ನು ಒಂದು ಮನೆ ಮುಂದಕ್ಕೆ ಸರಿಸಿದಳು. ಅಪ್ಪನ ಜಾಗ ಬಿಟ್ಟು, ಅವನು ಹೇಳಿದ ಜಾಗಕ್ಕೆ.

*ಯಾಕೆ ಒಪ್ಪಿಕೊಂಡೆ?* ಮನೆಗೆ ಹೋಗುವಾಗ ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು. ಉತ್ತರ ಅವಳಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿಕೊಳ್ಳಲು ನಾಚಿಕೆಯಾಯಿತು, ಅಷ್ಟೆ. ಮೂವತ್ತನಾಲ್ಕು ವರ್ಷ... ಅಪ್ಪನ ಔಷಧಿ, ಅಪ್ಪನ ಗಂಜಿ ಎಂದು ಕಳೆದುಹೋದ ವಯಸ್ಸು. ಈಗ ವಾರವಿಡೀ ಅವಳು ಎಣಿಸುತ್ತಿದ್ದುದು ಭಾನುವಾರಕ್ಕೆ ಎಷ್ಟು ದಿನ ಉಳಿದಿದೆ ಎಂದು.

ಮನೆಯಲ್ಲಿದ್ದ ಚಿಕ್ಕಮ್ಮ ಸುಮ್ಮನಿರುವವಳಲ್ಲ. "ಏನೇ, ಆ ಲಿಫ್ಟಿನವನು ಮೇಲೆ ಹೋಗ್ತಾ ಇದಾನೋ, ಇಲ್ಲಾ ಮಧ್ಯದಲ್ಲೇ ಸಿಕ್ಕಾಕೊಂಡಿದಾನೋ?"

"ಚಿಕ್ಕಮ್ಮಾ! ಅವರ ಹೆಂಡತಿ ತೀರಿಕೊಂಡು ನಾಲ್ಕು ವರ್ಷ ಆಗಿದೆ. ಹಾಗೆಲ್ಲ ತಮಾಷೆ ಮಾಡಬಾರದು."

"ಅಂದ್ರೆ ವಿಚಾರಿಸಿದೀಯ!" ಎಂದಳು ಚಿಕ್ಕಮ್ಮ.

ನಾಲ್ಕನೇ ತಿಂಗಳ ಒಂದು ಭಾನುವಾರ. ಸ್ಪ್ಯಾನಿಷ್ ಆಟದ ಒಂಬತ್ತನೇ ನಡೆ. ಅವಳು ಯಾರೂ ಹೇಳಿಕೊಡದೆ, ಬಲಗಡೆ ಅಂಚಿನ ಪದಾತಿಯನ್ನು ಒಂದೇ ಒಂದು ಮನೆ ಮುಂದಿಟ್ಟಳು. ಚಿಕ್ಕ ನಡೆ. ಎದುರಿನ ಒಂಟೆ ಮುಂದೆ ಬರದಂತೆ ತಡೆಯುವ ನಡೆ.

ಅವನು ಹಾಸನ್ನೇ ನೋಡುತ್ತಾ ಕೂತುಬಿಟ್ಟ. ಕೈಯಲ್ಲಿದ್ದ ಚಹಾ ಆರಿ, ಕೆನೆ ಕಟ್ಟಿತು. ತಲೆ ಎತ್ತಿದಾಗ ಕಣ್ಣಂಚು ಒದ್ದೆಯಾಗಿತ್ತು!

"ತಪ್ಪಾಯ್ತಾ?" ಎಂದು ಕೇಳಿದಳು ಗಾಬರಿಯಿಂದ.

"ಇಲ್ಲ... ತುಂಬಾ ಸರಿಯಾಗಿದೆ."

*ನನಗಾಗಿ ಇವರ ಕಣ್ಣು ತುಂಬಿತು!* ಆ ವಾರ ಅವಳು ಮಾಡಿದ ಹಲ್ಲುಗಳಲ್ಲಿ ಒಂದೂ ವಾಪಸ್ ಬರಲಿಲ್ಲ. ಅಷ್ಟು ಹಗುರವಾಗಿ ಓಡಿತ್ತು ಕೈ.

* * *

ಪಂದ್ಯಕ್ಕೆ ಮೂರು ವಾರವಿತ್ತು. ಅವಳು ಕ್ಲಬ್ಬಿಗೆ ಬೇಗ ಬಂದಿದ್ದಳು.

"ನಡೆ ಬರೆಯೋ ಹಾಳೆ ಬೇಕಾ? ಬೀರು ಕೆಳಗಿನ ಖಾನೆ ನೋಡು ತಾಯಿ," ಎಂದರು ತಾತ ಸ್ಟೋವಿನ ಕಡೆಯಿಂದ.

ಹಾಳೆಗಳ ಕಟ್ಟಿನಡಿ ನೀಲಿ ರಟ್ಟಿನ ನೋಟುಪುಸ್ತಕವೊಂದಿತ್ತು. ಸುಮ್ಮನೆ ತೆರೆದಳು. ದುಂಡಗಿನ ಹೆಣ್ಣಕ್ಷರ. 'ರಾಜನ ಪದಾತಿ. ನನ್ನ ಉತ್ತರಗಳು' ಎಂದು ಮೊದಲ ಪುಟದಲ್ಲಿ ಬರೆದಿತ್ತು.

ಸಿಸಿಲಿಯನ್ನಿಗೆ ಅದೇ ಸದ್ದಿಲ್ಲದ ದಾರಿ. ಫ್ರೆಂಚಿನ ಜಾಗ ಇಲ್ಲೂ ಖಾಲಿ. ಎರಡು ಮನೆಯ ಉತ್ತರಕ್ಕೆ ಸ್ಪ್ಯಾನಿಷ್. ಒಂಟೆ ಅದೇ ಮನೆಯಲ್ಲಿ. ನಡೆಗೆ ನಡೆ ಎಲ್ಲವೂ ಅದೇ! ಒಂಬತ್ತನೇ ನಡೆ, ಅಂಚಿನ ಪದಾತಿ ಒಂದು ಮನೆ. ಅದರ ಪಕ್ಕದಲ್ಲಿ ಸಣ್ಣಗೆ ಬರೆದಿತ್ತು:

'ಇಲ್ಲಿ ಇವರು ಯಾವಾಗಲೂ ಯೋಚನೆಗೆ ಬಿದ್ದು ಚಹಾ ಆರಲು ಬಿಡುತ್ತಾರೆ.'

ಅವಳು ಆ ಸಾಲಿನ ಮೇಲೆ ಬೆರಳಿಟ್ಟು ತಿರುಗಿದಳು.

"ತಾತ... ಇದು ಯಾರದು?"

ತಾತ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಅಯ್ಯೋ, ಇದು ಇಲ್ಲಿತ್ತಾ! ನಮ್ಮ ಲಿಫ್ಟ್ ಹೆಂಡ್ತೀದು ಕಣಮ್ಮ. ಚೆನ್ನಾಗಿ ಆಡೋಳು. ಗಂಡ ಹೆಂಡ್ತಿ ಇದೇ ಕಿಟಕಿ ಹತ್ರ ಕೂತು ಆಡ್ತಿದ್ರು, ನಿಮ್ಮಪ್ಪ ಬಂದ್ರೆ ಜಾಗ ಬಿಟ್ಟುಕೊಡೋರು. ಅವನು ಹೇಳಿರಲಿಲ್ವಾ ನಿನಗೆ?"

ಅವನು ಹೇಳಿರಲಿಲ್ಲ. ಹೆಂಡತಿ ತೀರಿಕೊಂಡಳೆಂದು ಹೇಳಿದ್ದ. ಅವಳು ಆಡುತ್ತಿದ್ದಳೆಂದು ಒಂದು ಮಾತೂ ಹೇಳಿರಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಅವನು ಒಳಗೆ ಬಂದ. ಅವಳ ಕೈಯಲ್ಲಿದ್ದ ನೀಲಿ ರಟ್ಟು ನೋಡಿ ಬಾಗಿಲಲ್ಲೇ ನಿಂತ.

"ನೀವು ಆರಿಸ್ಕೊಳ್ಳಿ ಅಂದ್ರಿ..." ಅವಳು ನೋಟುಪುಸ್ತಕ ಎತ್ತಿ ತೋರಿಸಿದಳು. "ನಿಮ್ಮದು ಅಂತ ಇರ್ಬೇಕು ಅಂದ್ರಿ. ನಾನು ಆರಿಸಿದ್ದು ಯಾವುದಿದೆ ಇದರಲ್ಲಿ? ಒಂದಾದ್ರೂ ಇದೆಯಾ?"

"ಹಾಗಲ್ಲ... ಕೂತ್ಕೊಳ್ಳಿ, ಹೇಳ್ತೀನಿ..."

"ಸತ್ತವರ ಹಲ್ಲನ್ನ ನನ್ನ ಬಾಯಿಗೆ ಕೂರಿಸಿದ್ರಲ್ಲ! ಆಮೇಲೆ ನಾನು ನಕ್ಕಾಗ ಯಾರ ನಗು ನೋಡಿದ್ರಿ ನೀವು?"

ಅವಳು ಕಾದಳು. ಒಂದೇ ಒಂದು 'ಇಲ್ಲ' ಎಂದಿದ್ದರೂ ಅವಳು ಅಲ್ಲೇ ಕೂತುಬಿಡುತ್ತಿದ್ದಳು. ಸುಳ್ಳು ಹೇಳಲು ಬಾರದ ಗಂಡಸು ಅವನು. ಆ 'ಇಲ್ಲ' ಬರಲಿಲ್ಲ.

ನೋಟುಪುಸ್ತಕವನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟಳು. ಬಿಸಾಡಲು ಮನಸ್ಸಾಗಲಿಲ್ಲ, ಆ ಹೆಂಗಸು ಏನು ತಪ್ಪು ಮಾಡಿದ್ದಳು? ಹಾಗೇ ಮೆಟ್ಟಿಲಿಳಿದು ಹೋದಳು.

* * *

ಎರಡು ಭಾನುವಾರ ಅವಳು ಮನೆಯಲ್ಲೇ ಉಳಿದಳು. ಅಡುಗೆಮನೆಯ ಮೇಜಿನ ಮೇಲೆ ಅಪ್ಪನ ಹಳೆಯ ಹಾಸು ಬಿಡಿಸಿ, ಒಂಟೆಯನ್ನು ಅಪ್ಪನ ಮನೆಗೇ ತಂದು ನಿಲ್ಲಿಸಿದಳು. ಒಬ್ಬಳೇ ಎರಡೂ ಕಡೆ ಆಡಿದಳು. ಅಪ್ಪನ ಆಟ ಹತ್ತು ನಡೆಯಾಚೆ ಎಲ್ಲಿಗೂ ಹೋಗುತ್ತಿರಲಿಲ್ಲ. ಆದರೂ ಬಿಡಲಿಲ್ಲ.

ಚಿಕ್ಕಮ್ಮ ಬೀನ್ಸ್ ನಾರು ತೆಗೆಯುತ್ತಾ ನೋಡಿದಳು. ನೋಡಿ ನೋಡಿ ಸಾಕಾಯಿತು.

"ಪಂದ್ಯಕ್ಕೆ ಹೋಗ್ತೀಯೋ ಇಲ್ವೋ?"

"ಹೋಗ್ತೀನಿ. ಅಪ್ಪನ ಆಟಾನೇ ಆಡ್ತೀನಿ. ಯಾರ ಹೆಂಡ್ತಿ ಆಟಾನೂ ನನಗೆ ಬೇಡ."

"ಅವನು ಸತ್ತ ಹೆಂಡ್ತೀನ ನಿನ್ನಲ್ಲಿ ಹುಡುಕಿದ ಅಂತ ನಿನಗೆ ಸಿಟ್ಟು."

"ಮತ್ತೆ ಬರಬಾರದಾ?"

"ಬರಲಿ. ಬೇಡ ಅಂದವರ್ಯಾರು?" ಚಿಕ್ಕಮ್ಮ ಬುಟ್ಟಿ ಪಕ್ಕಕ್ಕಿಟ್ಟಳು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಆ ಕ್ಲಬ್ಬಿಗೆ ಮೊದಲನೇ ದಿನ ಹೋದೆಯಲ್ಲ... ಯಾರನ್ನ ಹುಡುಕ್ಕೊಂಡು ಹೋಗಿದ್ದೆ?"

ಅವಳ ಕೈಯಲ್ಲಿದ್ದ ಒಂಟೆ ಗಾಳಿಯಲ್ಲೇ ನಿಂತಿತು.

"ಬದುಕಿರೋ ಅವನನ್ನಂತೂ ಅಲ್ಲ ತಾನೇ?" ಎಂದಳು ಚಿಕ್ಕಮ್ಮ. ಈ ಸಲ ದನಿಯಲ್ಲಿ ಕೀಟಲೆ ಇರಲಿಲ್ಲ. "ಇಬ್ಬರೂ ಸತ್ತವರ ಪರವಾಗಿ ಕೂತು ಆಡಿದ್ರಿ. ಅವನದು ಮಾತ್ರ ತಪ್ಪು ಅಂದ್ರೆ ಹೇಗೆ ಮಗಳೇ?"

ಅವಳು ಒಂಟೆಯನ್ನು ಅಪ್ಪನ ಮನೆಗಿಟ್ಟಳು. ತೆಗೆದಳು. ಮುಂದಿನ ಮನೆಗಿಟ್ಟಳು. ಅಲ್ಲಿಂದಲೂ ತೆಗೆದಳು. ಕೊನೆಗೆ ಅದನ್ನು ಹಾಸಿನ ಹೊರಗೆ ಮಲಗಿಸಿ, ಮುಖ ಮುಚ್ಚಿಕೊಂಡು ಬಿಕ್ಕಿದಳು.

* * *

ಪಂದ್ಯದ ಬೆಳಗ್ಗೆ ಕ್ಲಬ್ಬು ತುಂಬಿತ್ತು. ಮೊದಲ ಎರಡು ಸುತ್ತಿನಲ್ಲಿ ಅವಳಿಗೆ ಬಂದದ್ದು ಕಪ್ಪು ಕಾಯಿ. ಒಂದು ಗೆದ್ದಳು, ಒಂದು ಸೋತಳು. ಮೂರನೇ ಸುತ್ತಿಗೆ ತಾತ ಚೀಟಿ ಎತ್ತಿ ಓದಿದರು.

"ಬಿಳಿ, ಹಲ್ಲು ಮೇಡಂ. ಕಪ್ಪು..." ತಾತ ಕೆಮ್ಮಿದರು. "ಲಿಫ್ಟ್."

ಅವನು ಬಂದು ಎದುರು ಕೂತ. ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು. ಕೈ ಕುಲುಕಿದರು. ಪಂದ್ಯದಲ್ಲಿ ಎದುರಾಳಿಯೊಡನೆ ಮಾತಾಡುವಂತಿಲ್ಲ. ಆ ನಿಯಮ ಅಂದು ಇಬ್ಬರನ್ನೂ ಕಾಪಾಡಿತು.

ಅವಳು ರಾಜನ ಪದಾತಿಯನ್ನು ಎರಡು ಮನೆ ನಡೆಸಿ ಗಡಿಯಾರ ಒತ್ತಿದಳು.

ಅವನ ಉತ್ತರ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹದಿನೈದು ವರ್ಷದಿಂದ ಅವನು ಕೊಟ್ಟದ್ದು ಒಂದೇ ಉತ್ತರ, ಅವನೂ ಎರಡು ಮನೆ ನಡೆಸುತ್ತಾನೆ. ಆಮೇಲೆ ಕುದುರೆಗಳು. ಆಮೇಲೆ... ಮೂರನೇ ನಡೆಗೆ ಅವಳು ಒಂಟೆಯನ್ನು ಕೈಗೆತ್ತಿಕೊಳ್ಳಬೇಕು.

*ಎಲ್ಲಿ ನಿಲ್ಲಿಸಲಿ?* ಇಷ್ಟು ದಿನ ಯೋಚಿಸಿದರೂ ತಿಳಿದಿರಲಿಲ್ಲ. ಅಪ್ಪನ ಮನೆಯಲ್ಲಿಟ್ಟರೆ ಇವನ ಮುಖಕ್ಕೆ ಹೊಡೆದ ಹಾಗೆ. ಮುಂದಿನ ಮನೆಯಲ್ಲಿಟ್ಟರೆ ಆ ದುಂಡಕ್ಷರದ ಹೆಂಗಸು ಬಂದು ತನ್ನ ಜಾಗದಲ್ಲಿ ಕೂತ ಹಾಗೆ...

ಅವನು ಯೋಚಿಸುತ್ತಿದ್ದ. ಗಡಿಯಾರದಲ್ಲಿ ಐದು ನಿಮಿಷ ಸರಿಯಿತು. ಮೊದಲ ನಡೆಗೆ ಐದು ನಿಮಿಷ! ಪಕ್ಕದ ಮೇಜಿನವರು ತಿರುಗಿ ನೋಡಿದರು.

ಆಮೇಲೆ ಅವನು ರಾಜನ ಪದಾತಿಯನ್ನು ಎತ್ತಿ, ಒಂದೇ ಒಂದು ಮನೆ ಮುಂದಿಟ್ಟ.

ಫ್ರೆಂಚ್.

ಆ ಒಂದು ಮನೆಯ ನಡೆಯಿಂದ ಆಟದ ದಾರಿಯೇ ಬೇರೆಯಾಗಿತ್ತು. ಇಲ್ಲಿ ಅಪ್ಪನ ಒಂಟೆಗೂ ಕೆಲಸವಿಲ್ಲ, ಅವನ ಹೆಂಡತಿಯ ಒಂಟೆಗೂ ಕೆಲಸವಿಲ್ಲ. ಹಾಳೆಯಲ್ಲೂ ನೀಲಿ ನೋಟುಪುಸ್ತಕದಲ್ಲೂ ಖಾಲಿ ಉಳಿದಿದ್ದ ಸಾಲಿಗೆ ಅವನು ತಾನಾಗಿ ಬಂದು ನಿಂತಿದ್ದ, ಕೈಯಲ್ಲಿ ಏನೂ ಇಲ್ಲದೆ.

ಅವಳು ತಲೆ ಎತ್ತಿದಳು. ಅವನು ಅವಳನ್ನೇ ನೋಡುತ್ತಿದ್ದ.

ಆ ಆಟ ಚಂದವಾಗಿರಲಿಲ್ಲ. ಇಬ್ಬರೂ ಕತ್ತಲ ಕೋಣೆಯಲ್ಲಿ ಗೋಡೆ ತಡವುತ್ತಾ ನಡೆಯುವವರ ಹಾಗೆ ಆಡಿದರು. ಅವಳು ಒಂದು ಪದಾತಿ ಸುಮ್ಮನೆ ಕಳೆದುಕೊಂಡಳು, ಅವನು ಒಂದು ಕುದುರೆಯನ್ನೇ ಕಳೆದುಕೊಂಡ. ಮೂವತ್ತೊಂದನೇ ನಡೆಗೆ ಅವನು ತನ್ನ ರಾಜನನ್ನು ಮಲಗಿಸಿ ಕೈ ಚಾಚಿದ.

"ಹದಿನೈದು ವರ್ಷ ಒಂದೇ ಉತ್ತರ ಆಡ್ಕೊಂಡು ಬಂದೋನಿಗೆ ಇವತ್ತೇನು ಬಂತು ಕೇಡು!" ತಾತ ಹಣೆ ಚಚ್ಚಿಕೊಂಡರು. "ಈ ವರ್ಷದ ಟ್ರೋಫಿ ನಿನ್ನದೇ ಅಂದ್ಕೊಂಡಿದ್ನಲ್ಲೋ!"

* * *

ಆಟ ಮುಗಿದ ಮೇಲೆ ಇಬ್ಬರೂ ಪಕ್ಕದ ಕೋಣೆಗೆ ಹೋಗಿ, ಆಡಿದ್ದನ್ನೇ ಮತ್ತೆ ಮೊದಲಿಂದ ಆಡಿ, ಎಲ್ಲಿ ತಪ್ಪಿತು ಎಂದು ನೋಡುವುದು ಕ್ಲಬ್ಬಿನ ವಾಡಿಕೆ. ಗೆದ್ದವರು ಕರೆಯಬೇಕು.

ಅವಳು ಕರೆದಳು. "ಬನ್ನಿ, ನೋಡೋಣ."

ಚಿಕ್ಕ ಕೋಣೆ. ಒಂದು ಮೇಜು, ಎರಡು ಸ್ಟೂಲು, ಕೆಳಗಿನ ಅಂಗಡಿಯಿಂದ ಸೈಕಲ್ ಟ್ಯೂಬಿನ ರಬ್ಬರ್ ವಾಸನೆ. ಕಾಯಿ ಜೋಡಿಸಿದರು. ಅವಳು ಎರಡು ಮನೆ, ಅವನು ಒಂದು ಮನೆ. ಅಲ್ಲಿಗೆ ನಿಂತರು.

"ಯಾಕೆ?" ಎಂದಳು.

"ನಾನು ಯಾವಾಗಲೂ ಆಡೋ ಹಾಗೆ ಆಡಿದ್ರೆ ಮೂರನೇ ನಡೆಗೆ ನೀವು ಇಬ್ಬರಲ್ಲಿ ಒಬ್ಬರನ್ನ ಆರಿಸ್ಬೇಕಿತ್ತು." ಅವನು ಅವಳ ಕಣ್ಣು ನೋಡದೆ ಹೇಳಿದ. "ಆ ಕಷ್ಟ ನಿಮಗೆ ಕೊಡೋಕೆ ಮನಸ್ಸು ಬರಲಿಲ್ಲ."

ಅವಳ ಕಣ್ಣಲ್ಲಿ ನೀರು ತುಂಬಿತು.

"ಅವತ್ತು ನೀವು ಕೇಳಿದ್ರಿ, ಯಾರ ನಗು ನೋಡಿದ್ರಿ ಅಂತ," ಎಂದ. "ಸುಳ್ಳು ಹೇಳಲ್ಲ. ಮೊದಮೊದಲು... ಆ ನಡೆಗಳನ್ನ ಇನ್ನೊಂದು ಸಲ ನೋಡೋಕೆ ಬರ್ತಿದ್ದೆ. ಹನ್ನೊಂದು ವರ್ಷ ಅವಳ ಎದುರು ಕೂತು ಸೋತಿದ್ದೆ. ನನಗೆ ಕಲಿಸೋಕೆ ಗೊತ್ತಿದ್ದಿದ್ದೂ ಅದೊಂದೇ. ಅವಳು ಹೋದ ಮೇಲೆ ನಾಲ್ಕು ವರ್ಷ ಯಾರೂ ನನ್ನ ಎದುರು ಹಾಗೆ ಆಡಿರಲಿಲ್ಲ. ಒಂಬತ್ತನೇ ನಡೆ ನೀವು ಆಡಿದಾಗ ಅತ್ತಿದ್ದು ಅವಳಿಗೇ."

ಅವಳಿಗೆ ನೋವಾಯಿತು. ಆದರೂ ಎದ್ದು ಹೋಗಲಿಲ್ಲ. ನಿಜ ಕೇಳುವುದರಲ್ಲೂ ಒಂದು ನೆಮ್ಮದಿಯಿತ್ತು.

"ಆಮೇಲೆ?" ಎಂದಳು.

"ಅದರ ಮುಂದಿನ ವಾರ ನೀವು ಒಂಟೆಯನ್ನ ಹೊರಟ ಮನೆಗೇ ವಾಪಸ್ ತಂದಿಟ್ರಿ. ಯಾಕೆ ಅಂತ ಕೇಳಿದ್ರೆ, 'ಅದಕ್ಕೆ ಸುಸ್ತಾಗಿದೆ ಪಾಪ, ಮನೆಗೆ ಹೋಗಲಿ' ಅಂದ್ರಿ. ಆ ನಡೆ ಯಾವ ಪುಸ್ತಕದಲ್ಲೂ ಇಲ್ಲ. ನನಗೆ ನಗು ತಡೆಯೋಕಾಗಲಿಲ್ಲ. ಮನೆಗೆ ಹೋಗಿ ಬೂಟು ಬಿಚ್ಚುವಾಗ ನೆನಪಾಯ್ತು, ನಾಲ್ಕು ವರ್ಷ ಆದ ಮೇಲೆ ನಕ್ಕಿದ್ದೆ ಅಂತ. ಹೆದರಿಕೆ ಆಯ್ತು. ಅವಳಿಗೆ ಮೋಸ ಮಾಡಿದ ಹಾಗೆ... ಅದಕ್ಕೇ ನೋಟುಪುಸ್ತಕದ ವಿಷಯ ಹೇಳೋಕಾಗಲಿಲ್ಲ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ..."

ಕೆಳಗೆ ಯಾರೋ ಚಕ್ರ ತಿರುಗಿಸಿ ನೋಡುತ್ತಿದ್ದರು.

"ನಾನೂ ಅಪ್ಪನ ಕುರ್ಚೀಲಿ ಅಪ್ಪನ ಹಾಗೆ ಕೂರೋಕೆ ಬಂದಿದ್ದೆ," ಎಂದಳು ಅವಳು. "ಕೊನೆಗೆ ಕೈ ನಡುಗಿ ಅವರಿಗೆ ಕಾಯಿ ಹಿಡಿಯೋಕಾಗ್ತಿರಲಿಲ್ಲ. ಅವರ ನಡೆಯನ್ನೂ ನಾನೇ ಆಡ್ತಿದ್ದೆ. ಅವರು ಹೋದ ಮೇಲೂ ಅದನ್ನೇ ಮಾಡ್ತಿದ್ದೆ ಅಂತ ನನಗೆ ಗೊತ್ತೇ ಆಗಲಿಲ್ಲ. ಬೈದಿದ್ದು ನಿಮ್ಮನ್ನ ಮಾತ್ರ..."

ಅವಳು ಅತ್ತಳು, ಸದ್ದು ಮಾಡದೆ, ಭುಜ ಅಲುಗಿಸುತ್ತಾ. ಅವನು ಸಮಾಧಾನ ಹೇಳಲಿಲ್ಲ. ಮೇಜಿನ ಮೇಲಿದ್ದ ಅವಳ ಕೈಯನ್ನು ತನ್ನ ಒರಟು ಅಂಗೈಯಲ್ಲಿ ಮುಚ್ಚಿಕೊಂಡು, ಅವಳ ಅಳು ಮುಗಿಯುವವರೆಗೂ ಕಾದ.

"ಅವಳನ್ನ ನಾನು ಮರೆಯೋಕಾಗಲ್ಲ," ಎಂದ ಕೊನೆಗೆ.

"ಮರೀಬೇಡಿ. ಅವರ ವಿಷಯ ಹೇಳಿ ನನಗೆ. ನೀವು ಹೇಳದೇ ಇದ್ದಿದ್ದೇ ನೋವಾಗಿದ್ದು."

"ಹೇಳ್ತೀನಿ. ಒಂದು ದಿನಕ್ಕೆ ಮುಗಿಯಲ್ಲ."

"ನಂದೂ ಮುಗಿಯಲ್ಲ."

ತಾತ ಬಾಗಿಲಲ್ಲಿ ತಲೆ ಹಾಕಿದರು. "ಏನ್ರಪ್ಪಾ, ಎಷ್ಟನೇ ನಡೆಗೆ ಬಂದ್ರಿ?"

"ಒಂದನೇದು ತಾತ," ಎಂದಳು ಅವಳು ಕಣ್ಣೊರೆಸಿಕೊಂಡು.

ತಾತ ಒಮ್ಮೆ ಹಾಸು ನೋಡಿದರು, ಒಮ್ಮೆ ಆ ಕೈಗಳನ್ನು ನೋಡಿದರು. ಮೆಲ್ಲಗೆ ಬಾಗಿಲೆಳೆದುಕೊಂಡು ಹೋದರು.

"ನನಗೆ ನೀವು ಬೇಕು," ಎಂದ ಅವನು. ಬಹಳ ದಿನ ಬಾಯಲ್ಲೇ ಇಟ್ಟುಕೊಂಡಿದ್ದ ಮಾತು ಮೆಲ್ಲಗೆ ಹೊರಬಂತು. "ಯಾರ ಬದಲಿಗೂ ಅಲ್ಲ. ನೀವೇ."

"ಗೊತ್ತಾಯ್ತು."

"ಯಾವಾಗ?"

"ನೀವು ಒಂದು ಮನೆ ನಡೆಸಿದಾಗಲೇ."

ಅವನು ಹಾಸಿನ ಕಡೆ ನೋಡಿದ. "ಮತ್ತೆ ಮೂವತ್ತೊಂದು ನಡೆ ಯಾಕೆ ಆಡಿದ್ರಿ?"

"ಎದ್ದುಬಿಟ್ಟಿದ್ರೆ," ಎಂದಳು ಅವಳು, ಒದ್ದೆ ಕಣ್ಣಲ್ಲೇ ನಗುತ್ತಾ, "ಅಷ್ಟು ಹೊತ್ತು ನಿಮ್ಮ ಎದುರು ಕೂರೋಕಾಗ್ತಿರಲಿಲ್ಲವಲ್ಲ..."